ಕಾವಿಗೆ ಕೂತ ಕೋಳಿಯನ್ನು ಏನು ಮಾಡೋಣ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾವಿನ ಬಗ್ಗೆಯೇ ಇವೆ. ಮಳೆ ಕಡಿಮೆಯಾಗಿ ಬಿಸಿಲು ಬಿದ್ದ ಮೇಲೆ ಪ್ರತಿ ವರ್ಷವೂ ಹೀಗೇ. ಇಲ್ಲಿ ಆಲೂರು ಸೀಮೆಯ ನಮ್ಮ ಮನೆಯಲ್ಲೂ ಎರಡು ಹೇಂಟೆ ಕೂತಿವೆ. ಒಂದರ ಅಡಿಯಲ್ಲಿ ಹನ್ನೊಂದು ಮೊಟ್ಟೆ ಇದೆ, ಇನ್ನೊಂದರ ಕಾವು ಬಿಡಿಸುತ್ತಿದ್ದೇನೆ. ಮದುವೆಯಾಗಿ ಈ ಮನೆಗೆ ಬಂದು 34 ವರ್ಷವಾಯಿತು. ಕೋಳಿ ಕೂಡುವ ಒಡ್ಡಿ ಖಾಲಿ ಇದ್ದ ದಿನ ನನಗೆ ನೆನಪಿಲ್ಲ. ಹಾಗಾಗಿ ಈ ಬಾರಿಯ ಪುಟದ ಹೆಚ್ಚಿನ ಪಾಲನ್ನು ಕಾವಿಗೇ ಕೊಟ್ಟಿದ್ದೇನೆ.

ಅಕ್ಕಾ, ನಮ್ಮಲ್ಲಿ ಆರು ನಾಟಿ ಕೋಳಿ ಇವೆ. ಅದರಲ್ಲಿ ಒಂದು ಹನ್ನೆರಡು ದಿನದಿಂದ ಬುಟ್ಟಿ ಬಿಟ್ಟು ಏಳುತ್ತಿಲ್ಲ. ಅಡಿಯಲ್ಲಿ ಒಂದು ಮೊಟ್ಟೆಯೂ ಇಲ್ಲ. ಕೈ ಹಾಕಿದರೆ ಮೈ ಉಬ್ಬಿಸಿ ಕುಕ್ಕಲು ಬರುತ್ತದೆ. ಮೂಗಿಗೆ ಗರಿ ಚುಚ್ಚು ಅಂತ ನಮ್ಮತ್ತೆ ಹೇಳುತ್ತಾರೆ. ತಣ್ಣೀರಲ್ಲಿ ಮುಳುಗಿಸು ಅಂತ ನಮ್ಮ ಯಜಮಾನರು. ಇದು ಏನು ಕಾಯಿಲೆ?
– ಓದುಗರೊಬ್ಬರು, ತಿಪಟೂರು

ಕಾಯಿಲೆ ಅಲ್ಲ ತಂಗಿ. ನಿಮ್ಮ ಕೋಳಿ ತಾಯಿಯಾಗಲು ಕೂತಿದೆ, ಅಷ್ಟೇ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುವುದು ಅದರ ಹುಟ್ಟುಗುಣ. ಆ ಹೊತ್ತಿಗೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಅದರ ಮೈಯಲ್ಲಿ ಏರುತ್ತದೆ. ಅದು ಏರಿದರೆ ಮೊಟ್ಟೆ ನಿಲ್ಲುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಎದೆಯ ಗರಿ ಉದುರಿ ಚರ್ಮ ಬರಿದಾಗುತ್ತದೆ. ಒಮ್ಮೆ ಮೆಲ್ಲಗೆ ಅಡಿಯಲ್ಲಿ ಕೈ ಇಟ್ಟು ನೋಡಿ. ಬರಿಮೈಯ ಆ ಬಿಸಿ ಕೈಗೆ ಹತ್ತುತ್ತದೆ. ಮೊಟ್ಟೆಗೆ ಬೇಕಾದದ್ದು ಆ ಬಿಸಿಯೇ. ಅಡಿಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಅನ್ನುವ ಲೆಕ್ಕ ಅದಕ್ಕಿಲ್ಲ. ಕಲ್ಲು ಸಿಕ್ಕಿದರೂ ಕೂರುತ್ತದೆ, ಮಾವಿನ ಗೊರಟೆ ಸಿಕ್ಕಿದರೂ ಕೂರುತ್ತದೆ.

ಆದರೆ ಹನ್ನೆರಡು ದಿನ ಬರಿಗೂಡಿನಲ್ಲಿ ಕೂರಲು ಬಿಟ್ಟಿದ್ದು ಜಾಸ್ತಿಯಾಯಿತು. ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ನಾನೇ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ನಮ್ಮಲ್ಲಿ ಕರಿಯವ್ವ ಅಂತ ಒಂದು ಕಪ್ಪು ಹೇಂಟೆ ಇತ್ತು. ಕಾಫಿ ಕೊಯ್ಲಿನ ಸಮಯ, ಮನೆ ತುಂಬ ಆಳುಕಾಳು. ಅದು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬರಿದೇ ಕೂತಿದ್ದನ್ನು ನೋಡಿಯೂ ಇವತ್ತು ನಾಳೆ ಅಂತ ತಳ್ಳಿದೆ. ಐದು ವಾರ ಕಳೆಯಿತು. ಎತ್ತಿಕೊಂಡಾಗ ಕೈಯಲ್ಲಿ ಭಾರವೇ ಇರಲಿಲ್ಲ. ಎದೆಮೂಳೆ ಚಾಕುವಿನ ಹಾಗೆ ನೆಟ್ಟಗೆ ನಿಂತಿತ್ತು. ರೆಕ್ಕೆಯ ಬುಡದಲ್ಲಿ ಹೇನು ಹರಿದಾಡುತ್ತಿತ್ತು. ಕಾವಿಗೆ ಕೂತ ಕೋಳಿ ದಿನಕ್ಕೆ ಒಂದೇ ಸಲ ಏಳುತ್ತದೆ, ಗಬಗಬನೆ ನಾಲ್ಕು ಕಾಳು ತಿಂದು, ಗಬ್ಬು ನಾರುವ ದೊಡ್ಡ ಹಿಕ್ಕೆ ಹಾಕಿ, ಮತ್ತೆ ಓಡಿ ಬಂದು ಕೂರುತ್ತದೆ. ಮಣ್ಣಿನಲ್ಲಿ ಹೊರಳಿ ಹೇನು ಕೊಡವಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಮರಿ ಬಂದರೆ 21 ದಿನಕ್ಕೆ ಮುಗಿಯುತ್ತದೆ. ಮರಿ ಬರದಿದ್ದರೆ ಮುಗಿಯುವುದು ಯಾವಾಗ? ಕರಿಯವ್ವ ಉಳಿಯಲಿಲ್ಲ. ಅವತ್ತಿನಿಂದ ನನ್ನ ರೂಢಿ ಒಂದೇ. ಕೋಳಿ ಕಾವಿಗೆ ಕೂತಿದೆ ಅಂತ ಗೊತ್ತಾದ ಮೊದಲ ಸಂಜೆಯೇ ತೀರ್ಮಾನ ಮಾಡುತ್ತೇನೆ. ಮರಿ ಮಾಡಿಸುವುದಾದರೆ ಅವತ್ತೇ ಮೊಟ್ಟೆ ಇಡುವುದು, ಬೇಡವಾದರೆ ಅವತ್ತೇ ಕಾವು ಬಿಡಿಸುವುದು. ನಡುವೆ ತೂಗುಹಾಕಬಾರದು.

ನಿಮ್ಮ ಕೋಳಿಗೆ ಈಗ ಮೊಟ್ಟೆ ಇಟ್ಟರೆ ಹನ್ನೆರಡರ ಮೇಲೆ ಇನ್ನೂ 21 ದಿನ ಕೂರಬೇಕು. ಎತ್ತಿ ಎದೆ ಮುಟ್ಟಿ ನೋಡಿ. ಮಾಂಸ ತುಂಬಿಕೊಂಡಿದ್ದರೆ ಆಗಬಹುದು. ಮೂಳೆ ಕೈಗೆ ಚುಚ್ಚಿದರೆ ಬೇಡ, ಕಾವು ಬಿಡಿಸಿ.

ಬಿಡಿಸುವುದು ಸುಲಭ. ಎದೆಯ ಅಡಿಗೆ ಗಾಳಿ ಆಡಬೇಕು, ಗೂಡಿನ ಕತ್ತಲು ಮತ್ತು ಮೆತ್ತೆ ಎರಡೂ ತಪ್ಪಬೇಕು. ಇಷ್ಟೇ ಗುಟ್ಟು. ನಾನು ಅರ್ಧ ಇಂಚಿನ ಜಾಲರಿ ತಳ ಇರುವ ಪಂಜರವನ್ನು ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ಏರಿಸಿ, ಹಲಸಿನ ಮರದ ನೆರಳಲ್ಲಿ, ಬೆಳಕು ಇರುವ ಕಡೆ ಇಡುತ್ತೇನೆ. ಹುಲ್ಲು ಹಾಕುವುದಿಲ್ಲ, ಗೋಣಿ ಹಾಕುವುದಿಲ್ಲ. ಕಾಳು, ನೀರು ಮಾತ್ರ ಯಾವಾಗಲೂ ಇರಬೇಕು. ಉಪವಾಸ ಕೆಡವುವುದು ಬೇಡವೇ ಬೇಡ. ಉಳಿದ ಕೋಳಿಗಳು ಕಣ್ಣಿಗೆ ಕಾಣುವ ಹಾಗಿದ್ದರೆ ಒಳ್ಳೆಯದು. ರಾತ್ರಿ ಕಾಡುಬೆಕ್ಕು, ಮುಂಗುಸಿ ಬಾರದ ಹಾಗೆ ಪಂಜರವನ್ನೇ ಎತ್ತಿ ಒಳಗಿಡಿ. ಮೊದಲ ಒಂದೆರಡು ದಿನದಲ್ಲೇ ಹಿಡಿದರೆ ಮೂರು ದಿನ ಸಾಕು. ನಿಮ್ಮದಕ್ಕೆ ಐದಾರು ದಿನ ಹಿಡಿಯಬಹುದು. ಸಂಜೆ ಬಿಟ್ಟು ನೋಡಿ. ಬೇರೆ ಕೋಳಿಗಳ ಜೊತೆ ಗಳು (ಒಡ್ಡಿಯಲ್ಲಿ ರಾತ್ರಿ ಕೂರುವ ಕೋಲು) ಹತ್ತಿ ಕೂತರೆ ಕಾವು ಬಿಟ್ಟಿತು ಅಂತಲೇ ಲೆಕ್ಕ. ನೇರ ಬುಟ್ಟಿಗೆ ಓಡಿದರೆ ಇನ್ನೆರಡು ದಿನ ಪಂಜರ. ಆಮೇಲೆ ಎರಡು ಮೂರು ವಾರದಲ್ಲಿ ಜುಟ್ಟು ಕೆಂಪಾಗಿ ಮತ್ತೆ ಮೊಟ್ಟೆಗೆ ಬರುತ್ತದೆ.

ಇನ್ನು ಅತ್ತೆಯವರ ಗರಿ. ನಮ್ಮೂರಲ್ಲೂ ಹೀಗೆ ಮಾಡುತ್ತಿದ್ದರು. ಮೂಗಿನ ಹೊಳ್ಳೆಗೆ ಗರಿ ತೂರಿಸಿದರೆ ಅದನ್ನು ತೆಗೆಯಲು ಕೋಳಿ ಇಡೀ ದಿನ ಒದ್ದಾಡುತ್ತದೆ. ಆ ಒದ್ದಾಟದಲ್ಲಿ ಗೂಡು ಮರೆಯುತ್ತದೆ ಅಂತ ಹಿರಿಯರ ಲೆಕ್ಕ. ಆದರೆ ಹೊಳ್ಳೆ ಗಾಯವಾಗುತ್ತದೆ, ಮೊದಲೇ ಸೊರಗಿದ ಕೋಳಿ ಕಾಳು ಬಿಡುತ್ತದೆ. ತಣ್ಣೀರೂ ಅಷ್ಟೇ. ನೆನೆದ ಗರಿ ಒಣಗಲು ಹೊತ್ತು ಬೇಕು, ಸಂಜೆ ಚಳಿಗೆ ಸಿಕ್ಕಿದರೆ ಕೋಳಿ ಮುದುರಿಕೊಳ್ಳುತ್ತದೆ. ಪಂಜರ ಇರುವಾಗ ಇವೆರಡರ ಹಂಗೇ ಬೇಡ. ಅತ್ತೆಯವರಿಗೆ ನೀವೇ ಹೇಳಲು ಹೋಗಬೇಡಿ, ಈ ಪುಟ ಓದಿ ಹೇಳಿ. ಹಿರಿಯರು ಕೋಳಿ ಬಲ್ಲವರು. ಐದಾರು ದಿನದಲ್ಲಿ ಅದು ಗಳು ಹತ್ತಿದ್ದು ಕಂಡರೆ ಅವರೇ ಒಪ್ಪುತ್ತಾರೆ.

ಹದಿಮೂರು ಮೊಟ್ಟೆ ಇಟ್ಟಿದ್ದೆವು. ಮರಿ ಬಂದದ್ದು ಐದು. ಉಳಿದವು ಯಾಕೆ ಕೆಟ್ಟವು? ಗುಡುಗಿನಿಂದ ಅಂತ ನಮ್ಮಮ್ಮ ಹೇಳುತ್ತಾರೆ.
– ಓದುಗರೊಬ್ಬರು, ಸಾಗರ

ಗುಡುಗಿಗೆ ಹೆದರಿ ಬುಟ್ಟಿಗೆ ಕಬ್ಬಿಣದ ಮೊಳೆ, ಇದ್ದಿಲ ಚೂರು ಹಾಕುವುದು ನಮ್ಮಲ್ಲೂ ಇತ್ತು. ನಮ್ಮತ್ತೆ ಒಂದು ಹಳೆಯ ಕುಡುಗೋಲಿನ ತುಂಡನ್ನು ಅದಕ್ಕೆಂದೇ ಎತ್ತಿಟ್ಟಿದ್ದರು. ಹಾಕಿದರೆ ನಷ್ಟವೇನಿಲ್ಲ ಬಿಡಿ. ಆದರೆ ನಿಮ್ಮ ಎಂಟು ಮೊಟ್ಟೆ ಕೆಟ್ಟದ್ದು ಬೇರೆ ಕಾರಣಕ್ಕೆ.

ಆ ಮೊಟ್ಟೆಗಳನ್ನು ಎಷ್ಟು ದಿನ ಕೂಡಿಟ್ಟಿದ್ದಿರಿ ಅಂತ ನೀವು ಬರೆದಿಲ್ಲ. ಒಂದು ವಾರದೊಳಗಿನ ಮೊಟ್ಟೆ ಒಳ್ಳೆಯದು. ಹತ್ತು ದಿನ ದಾಟಿದ್ದನ್ನು ನಾನು ಇಡುವುದಿಲ್ಲ, ಒಗ್ಗರಣೆಗೆ ಹಾಕುತ್ತೇನೆ. ಫ್ರಿಜ್ಜಿನಲ್ಲಿಟ್ಟದ್ದು ಬೇಡ. ತೊಳೆದದ್ದೂ ಬೇಡ, ಯಾಕೆಂದರೆ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಒಳಗೆ ಕೊಳೆ ಸೇರುತ್ತದೆ. ಕೂಡಿಡುವಾಗ ಚೂಪು ತುದಿ ಕೆಳಗೆ ಮಾಡಿ ತಂಪಾದ ಕಡೆ ಇಡಿ. ನಾನು ಅಡುಗೆಮನೆಯ ಮೂಲೆಯಲ್ಲಿ ರಾಗಿ ತುಂಬಿದ ಡಬ್ಬದಲ್ಲಿ ನಿಲ್ಲಿಸಿರುತ್ತೇನೆ.

ಹದಿಮೂರು ನಿಮ್ಮ ಹೇಂಟೆಯ ಮೈಗೆ ಜಾಸ್ತಿ ಆಗಿರಲೂಬಹುದು. ಸಣ್ಣ ಮೈಯ ಕೋಳಿಗೆ ಒಂಬತ್ತು ಹತ್ತೇ ಸಾಕು. ಕೋಳಿ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ, ಅಂಚಿನದ್ದು ನಡುವಿಗೆ, ನಡುವಿನದ್ದು ಅಂಚಿಗೆ. ರೆಕ್ಕೆಯ ಅಡಿ ಹಿಡಿಸದಷ್ಟು ಇಟ್ಟರೆ ಇವತ್ತು ಒಂದು ತಣ್ಣಗಾಗುತ್ತದೆ, ನಾಳೆ ಇನ್ನೊಂದು. ಕೊನೆಗೆ ಎರಡು ಮೊಟ್ಟೆಯ ಆಸೆಗೆ ಆರು ಹೋಗುತ್ತವೆ.

ಎಲ್ಲಕ್ಕಿಂತ ದೊಡ್ಡ ಕಾರಣ, ನಾನು ನೋಡಿದ ಮಟ್ಟಿಗೆ, ಬೇರೆ ಬೇರೆ ದಿನ ಸೇರಿದ ಮೊಟ್ಟೆ. ಕಾವಿಗೆ ಕೂತ ಕೋಳಿ ಕಾಳಿಗೆ ಎದ್ದಾಗ ಮಿಕ್ಕವು ಅದೇ ಬುಟ್ಟಿಗೆ ಹೋಗಿ ಮೊಟ್ಟೆ ಇಡುತ್ತವೆ. ನನಗೆ ಇದು ಗೊತ್ತಿಲ್ಲದ ಕಾಲದಲ್ಲಿ ನಮ್ಮ ಕೆಂಪಿ ಹದಿನೈದು ಮೊಟ್ಟೆಯ ಮೇಲೆ ಕೂತಿತ್ತು. ಇಟ್ಟದ್ದು ಹತ್ತೇ. 21ನೇ ದಿನ ಏಳು ಮರಿ ಬಂದವು. ಮರುದಿನ ಕೆಂಪಿ ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿದು ಹೋಯಿತು. ಉಳಿದ ಮೊಟ್ಟೆ ಬಿಸಾಕೋಣ ಅಂತ ಎತ್ತಿದೆ. ಒಂದನ್ನು ಕಿವಿಗೆ ಹಿಡಿದರೆ ಒಳಗಿನಿಂದ ಚಿವ್ ಅಂದ ಹಾಗಾಯಿತು. ಒಲೆಯ ಪಕ್ಕ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಸಂಜೆಯವರೆಗೆ ಸದ್ದಿತ್ತು, ಬೆಳಗ್ಗೆ ಇರಲಿಲ್ಲ. ಈಗ ಮೊಟ್ಟೆ ಇಡುವ ದಿನವೇ ಪ್ರತಿಯೊಂದಕ್ಕೂ ಪೆನ್ಸಿಲ್‌ನಲ್ಲಿ ಸುತ್ತ ಒಂದು ಗೆರೆ ಎಳೆಯುತ್ತೇನೆ. ಸಂಜೆ ಕೋಳಿ ಎದ್ದಾಗ ಗೆರೆ ಇಲ್ಲದ್ದನ್ನು ತೆಗೆದುಬಿಡುತ್ತೇನೆ. ಕಾವಿನ ಬುಟ್ಟಿಯನ್ನು ಬೇರೆ ಕೋಣೆಯಲ್ಲಿ ಇಡಲು ಜಾಗ ಇದ್ದರೆ ಇನ್ನೂ ವಾಸಿ. ಜಾಗ ಬದಲಿಸುವುದಾದರೆ ರಾತ್ರಿ ಕತ್ತಲಲ್ಲಿ ಬದಲಿಸಿ. ಹಗಲು ಎತ್ತಿದರೆ ಕೋಪ ಮಾಡಿಕೊಂಡು ಕಾವು ಬಿಡುವುದೂ ಉಂಟು.

ಏಳನೇ ರಾತ್ರಿ ಮೊಟ್ಟೆ ನೋಡುವುದನ್ನು ಕಲಿಯಿರಿ. ರಟ್ಟಿನ ಡಬ್ಬಕ್ಕೆ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಒಳಗೆ ಟಾರ್ಚ್ ಹತ್ತಿಸಿ, ತೂತಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಡಿ. ಬದುಕಿರುವ ಮೊಟ್ಟೆಯಲ್ಲಿ ಕೆಂಪು ನೂಲಿನ ಹಾಗೆ ನರಗಳು ಜೇಡರ ಬಲೆ ಕಟ್ಟಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ. ಸುಮ್ನೆ ಹಿಡಿದುಕೊಂಡು ನೋಡುತ್ತಿದ್ದರೆ ಆ ಚುಕ್ಕೆ ಅಲುಗುತ್ತದೆ. ಇಷ್ಟು ವರ್ಷವಾದರೂ ಅದು ಅಲುಗಿದಾಗ ನಾನು ಉಸಿರು ಬಿಗಿ ಹಿಡಿಯುತ್ತೇನೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬೀಜವಿಲ್ಲದ ಮೊಟ್ಟೆ, ತೆಗೆದುಬಿಡಿ. ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತದೆ. ನಿಮ್ಮ ಎಂಟರಲ್ಲಿ ಎಲ್ಲವೂ ಹೀಗೆ ತಿಳಿಯಾಗಿದ್ದರೆ ತಪ್ಪು ಹುಂಜದ್ದು. ಒಂದು ಹುಂಜಕ್ಕೆ ಹತ್ತು ಹೇಂಟೆ ಸಾಕು, ಅದೂ ಹುಂಜ ಮುದಿಯಾಗಿರಬಾರದು. 18ನೇ ದಿನದ ಮೇಲೆ ಮಾತ್ರ ಕೈ ಹಾಕಬೇಡಿ. ಒಳಗಿನ ಮರಿ ಹೊರಬರಲು ಸರಿಯಾಗಿ ತಿರುಗಿಕೊಳ್ಳುವ ಹೊತ್ತು ಅದು.

ಬಿವಿ 380 ಕೋಳಿ ನಾಲ್ಕು ತಂದಿದ್ದೇನೆ. ಒಂದು ವರ್ಷವಾಯಿತು, ಮೊಟ್ಟೆ ಚೆನ್ನಾಗಿ ಇಡುತ್ತವೆ. ಆದರೆ ಒಂದೂ ಕಾವಿಗೆ ಕೂರುತ್ತಿಲ್ಲ. ಏನಾದರೂ ಕೊರತೆ ಇದೆಯಾ?
– ಓದುಗರೊಬ್ಬರು, ಮಂಡ್ಯ

ಕೊರತೆ ಏನಿಲ್ಲ ತಮ್ಮ. ಮೊಟ್ಟೆಗೆಂದೇ ತಯಾರು ಮಾಡಿದ ತಳಿಗಳಲ್ಲಿ ಕಾವಿನ ಗುಣವನ್ನೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಕಳೆದಿದ್ದಾರೆ. ಕೂತರೆ ಮೊಟ್ಟೆ ನಿಲ್ಲುತ್ತದಲ್ವಾ? ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಕೊಟ್ಟರೆ ಹೆಚ್ಚು, ಅದು ಮೂರು ನಾಲ್ಕು ಸಲ ಕೂತು ಏಳುವುದರಲ್ಲೇ ವರ್ಷ ಕಳೆಯುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಕೊಟ್ಟ ಗಿರಿರಾಜ 130-150 ಇಡುತ್ತದೆ, ಅದೂ ಕಾವಿಗೆ ಕೂರುವುದು ಅಪರೂಪ. ಮರಿ ಬೇಕೆಂದರೆ ಒಂದು ನಾಟಿ ಹೇಂಟೆ ಸಾಕಿಕೊಳ್ಳಿ. ಯಾರ ಮೊಟ್ಟೆ ಇಟ್ಟರೂ ತನ್ನದೇ ಅಂತ ಕೂರುತ್ತದೆ. ನಮ್ಮ ಕೆಂಪಿ ಬಾತುಕೋಳಿಯ ಮೊಟ್ಟೆಗೂ 28 ದಿನ ಕೂತಿತ್ತು.

ಬೆಂಗಳೂರಿನಲ್ಲಿ ಮನೆ ಹಿಂದೆ ಸ್ವಲ್ಪ ಜಾಗ ಇದೆ, ಮೂರು ನಾಟಿ ಹೇಂಟೆ ಸಾಕಿದ್ದೇವೆ. ಅಕ್ಕಪಕ್ಕದವರಿಗೆ ತೊಂದರೆ ಅಂತ ಹುಂಜ ಇಟ್ಟಿಲ್ಲ. ಒಂದು ಹೇಂಟೆ ಕಾವಿಗೆ ಕೂತಿದೆ. ಮಗನಿಗೆ ಮರಿ ನೋಡುವ ಆಸೆ. ಏನಾದರೂ ದಾರಿ ಇದೆಯಾ?
– ಓದುಗರೊಬ್ಬರು, ಬೆಂಗಳೂರು

ಹುಂಜ ಇಲ್ಲದೆ ಮೊಟ್ಟೆ ಬರುತ್ತದೆ, ಮರಿ ಬರುವುದಿಲ್ಲ. ಊರಿನಿಂದ ಹುಂಜದ ಜೊತೆ ಇರುವ ಕೋಳಿಗಳ ಮೊಟ್ಟೆ ತರಿಸಿ. ಬಸ್ಸಿನಲ್ಲಿ ತರುವುದಾದರೆ ಭತ್ತದ ಹೊಟ್ಟಿನಲ್ಲಿ ಹುದುಗಿಸಿ, ತೊಡೆಯ ಮೇಲೆ ಇಟ್ಟುಕೊಂಡು ತನ್ನಿ. ಕುಲುಕಿದ ಮೊಟ್ಟೆಯನ್ನು ಕೂಡಲೇ ಕಾವಿಗೆ ಇಡಬಾರದು. ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಅಲುಗದ ಹಾಗೆ ಇಟ್ಟು, ಮರುದಿನ ರಾತ್ರಿ ಎಲ್ಲವನ್ನೂ ಒಟ್ಟಿಗೆ ಅಡಿಗೆ ಸರಿಸಿ.

ಇನ್ನೊಂದು ದಾರಿ, ಒಂದು ದಿನದ ಮರಿ ತಂದು ಕೊಡುವುದು. ಕೋಳಿ ಎರಡು ಮೂರು ವಾರ ಗಟ್ಟಿಯಾಗಿ ಕೂತಿರಬೇಕು. ಅಲ್ಲಿಯವರೆಗೆ ಎರಡು ಮೂರು ಬೀಜವಿಲ್ಲದ ಮೊಟ್ಟೆ ಅಡಿಯಲ್ಲಿರಲಿ. ಪೂರ್ತಿ ಕತ್ತಲಾದ ಮೇಲೆ, ದೀಪ ಹಾಕದೆ, ಒಂದು ಮೊಟ್ಟೆ ತೆಗೆದು ಆ ಜಾಗಕ್ಕೆ ಒಂದು ಮರಿ. ಮರಿಯ ಚಿವ್ ಚಿವ್‌ಗೆ ಕೋಳಿ ಗಂಟಲಲ್ಲೇ ಕ್ಲೊಕ್ ಕ್ಲೊಕ್ ಅಂತ ಮೆಲ್ಲಗೆ ಉತ್ತರ ಕೊಟ್ಟರೆ ಗೆದ್ದಿರಿ. ಇನ್ನೊಂದು ಮರಿ ಸರಿಸಿ. ಬೆಳಗಾಗುವ ಮೊದಲೇ ಎದ್ದು ನೋಡಲೇಬೇಕು. ಬೆಳಕಲ್ಲಿ ಮರಿ ಕಂಡು ಕುಕ್ಕಿದರೆ ತಕ್ಷಣ ಬೇರೆ ಮಾಡಿ ಬಲ್ಬಿನ ಬಿಸಿಯಲ್ಲಿ ಸಾಕಬೇಕಾಗುತ್ತದೆ. ಅದಕ್ಕೆ ಸಿದ್ಧರಿದ್ದರೆ ಮಾತ್ರ ಕೈ ಹಾಕಿ. ಮೂರು ನಾಲ್ಕು ದಿನ ದಾಟಿದ ಮರಿ ಕೊಡಬೇಡಿ. ತಾಯಿಯೂ ಒಪ್ಪುವುದು ಕಷ್ಟ, ಮರಿಯೂ ಅಡಿಗೆ ಸೇರುವುದಿಲ್ಲ. ಮರಿಗಳಲ್ಲಿ ಅರ್ಧ ಹುಂಜವೇ ಆಗುತ್ತವೆ ಅನ್ನುವುದನ್ನೂ ಈಗಲೇ ಯೋಚಿಸಿಕೊಳ್ಳಿ. ನಾಲ್ಕೈದು ತಿಂಗಳಿಗೆ ಅವು ಕೂಗಲು ಶುರು ಮಾಡುತ್ತವೆ. ಊರಿಗೆ ಕಳಿಸುವ ಏರ್ಪಾಡು ಮೊದಲೇ ಇರಲಿ.

ತೆಳು ಚಿಪ್ಪಿನ ಮೊಟ್ಟೆ ಬರುತ್ತಿದೆ. ಕೋಳಿಗಳೇ ಅದನ್ನು ಕುಕ್ಕಿ ತಿನ್ನುತ್ತವೆ.
– ಓದುಗರೊಬ್ಬರು, ಚನ್ನರಾಯಪಟ್ಟಣ

ಬರೀ ರಾಗಿ, ನುಚ್ಚು ಹಾಕುತ್ತಿದ್ದೀರಿ ಅಂತ ಕಾಣುತ್ತದೆ. ಚಿಪ್ಪಿಗೆ ಸುಣ್ಣದ ಅಂಶ ಬೇಕು. ಅಡುಗೆಮನೆಯ ಮೊಟ್ಟೆ ಚಿಪ್ಪನ್ನು ಬಾಣಲೆಯಲ್ಲಿ ಹುರಿದು, ಚಿಪ್ಪಿನ ಆಕಾರವೇ ಗೊತ್ತಾಗದ ಹಾಗೆ ಪುಡಿ ಮಾಡಿ, ಬೇರೆ ಬಟ್ಟಲಲ್ಲಿ ಇಡಿ. ಕಾಳಿಗೆ ಬೆರೆಸಬೇಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ಕಪ್ಪೆಚಿಪ್ಪಿನ ಪುಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊಟ್ಟೆಯನ್ನು ಮಧ್ಯಾಹ್ನದೊಳಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಿರಿ. ಗೂಡಿನಲ್ಲಿ ಮೊಟ್ಟೆ ಗುಡ್ಡೆ ಬಿದ್ದಷ್ಟೂ ಒಡೆಯುವುದೂ ಜಾಸ್ತಿ, ಕಾವಿಗೆ ಕೂರುವುದೂ ಜಾಸ್ತಿ.

ಮರಿಗಳು ಒಂದು ತಿಂಗಳಲ್ಲಿ ಒಂದೊಂದಾಗಿ ತೂಕಡಿಸಿ ಸಾಯುತ್ತವೆ. ಮರಿ ಮಾಡಿಸುವುದನ್ನೇ ಬಿಡೋಣ ಅನ್ನಿಸಿದೆ.
– ಓದುಗರೊಬ್ಬರು, ಕಡೂರು

ಬಿಡಬೇಡಿ. ನಾನು ಜೋರು ಮಳೆಯಲ್ಲಿ ಮರಿ ಮಾಡಿಸುವುದಿಲ್ಲ. ಒದ್ದೆ ನೆಲದಲ್ಲಿ ರಕ್ತಭೇದಿ ಬರುತ್ತದೆ, ಚಳಿಗೂ ಹೋಗುತ್ತವೆ. ದೀಪಾವಳಿಯಿಂದ ಶಿವರಾತ್ರಿವರೆಗೆ ನನ್ನ ಲೆಕ್ಕದಲ್ಲಿ ಒಳ್ಳೆಯ ಕಾಲ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸಲೇಬೇಕು. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೇ ವಾರದಲ್ಲಿ ಅದೇ ರೋಗಕ್ಕೆ ಆರ್2ಬಿ ಅನ್ನುವ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಒಡೆದ ಮೇಲೆ ಉಳಿಸಿಡಲು ಬರುವುದಿಲ್ಲ. ಹತ್ತು ಮರಿಗೆ ಯಾಕೆ ಅಂತ ಜನ ಸುಮ್ಮನಾಗುವುದು ಇಲ್ಲೇ. ನಮ್ಮ ಬೀದಿಯ ಆರು ಮನೆಯವರು ಒಂದೇ ವಾರದಲ್ಲಿ ಮೊಟ್ಟೆ ಕಾವಿಗೆ ಇಡುತ್ತೇವೆ. ಒಬ್ಬರು ಹೋಗಿ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ತರುತ್ತಾರೆ, ಸಂಜೆ ಒಂದೇ ಅಂಗಳದಲ್ಲಿ ಎಲ್ಲರ ಮರಿಗೂ ಆಗುತ್ತದೆ. ಹೀಗೆ ಶುರು ಮಾಡಿದ ಮೇಲೆ ನಮ್ಮಲ್ಲಿ ಮರಿ ಉಳಿಯುತ್ತಿವೆ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಸತ್ತ ಮರಿ ಇದ್ದರೆ ತೋರಿಸಿ.

ಅಜ್ಜಿ, ನಾನು ಐದನೇ ಕ್ಲಾಸು. ನಮ್ಮ ಕೋಳಿ ಎಂಟು ಮರಿ ಮಾಡಿತ್ತು. ಮೊನ್ನೆವರೆಗೂ ರೆಕ್ಕೆ ಒಳಗೆ ಇಟ್ಕೊಂಡು ಮಲಗ್ತಿತ್ತು. ಈಗ ಹತ್ರ ಬಂದ್ರೆ ಕುಕ್ಕಿ ಓಡಿಸುತ್ತೆ. ಅದಕ್ಕೆ ಮರಿಗಳ ಮೇಲೆ ಯಾಕೆ ಸಿಟ್ಟು?
– ಪುಟ್ಟ ಓದುಗರು, ಹೊಸನಗರ

ಸಿಟ್ಟಿಲ್ಲ ಪುಟ್ಟಿ. ನಿಮ್ಮ ಮರಿಗಳಿಗೆ ಈಗ ಎರಡು ತಿಂಗಳು ಹತ್ತಿರ ಬಂದಿರಬೇಕು. ಹತ್ತಿಯ ಹಾಗಿದ್ದ ಪುಕ್ಕ ಹೋಗಿ ಮೈತುಂಬ ನಿಜವಾದ ಗರಿ ಬಂದಿದೆಯಾ ನೋಡು. ಗರಿ ಬಂದರೆ ಚಳಿ ತಡೆಯಲು ಅಮ್ಮನ ರೆಕ್ಕೆ ಬೇಡ. ಕೆದಕಿ ಹುಳ ಹುಡುಕುವುದು, ಗಿಡುಗ ಬಂದರೆ ಬೇಲಿಗೆ ನುಗ್ಗುವುದು, ಎಲ್ಲ ಅದೇ ಕಲಿಸಿದೆ. ಈಗ ಅಮ್ಮನ ಜುಟ್ಟು ನೋಡು. ಬಿಳಿಚಿಕೊಂಡಿದ್ದದ್ದು ಮತ್ತೆ ಕೆಂಪಾಗುತ್ತಿರುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಮೊಟ್ಟೆ ಇಡುತ್ತದೆ.

ಮರಿಗಳಿಗೆ ಒಂದು ವಾರ ಬೇಜಾರಿರುತ್ತದೆ, ಸಂಜೆ ಎಲ್ಲಿ ಮಲಗಬೇಕು ಅಂತ ಗೊತ್ತಾಗದೆ ಅಂಗಳದಲ್ಲೇ ಗುಂಪಾಗಿ ನಿಲ್ಲುತ್ತವೆ. ಕತ್ತಲಾಗುವ ಮೊದಲು ನೀನು ಒಂದೊಂದನ್ನೇ ಎತ್ತಿ ಒಡ್ಡಿಯ ಗಳುವಿನ ಮೇಲೆ ಕೂರಿಸು. ಮೂರು ನಾಲ್ಕು ಸಂಜೆ ಹೀಗೆ ಮಾಡು. ಆಮೇಲೆ ಅವೇ ಹತ್ತುತ್ತವೆ. ಎಂಟೂ ಇವೆಯಾ ಅಂತ ಎಣಿಸಿ ಬಾಗಿಲು ಹಾಕುವುದನ್ನು ಮಾತ್ರ ಮರೆಯಬೇಡ.